ಯುವನಿಧಿ ಹಣ ಯಾವ ಖಾತೆಗೆ ಬರುತ್ತದೆ?

ಕರಾವಳಿಯ ಕೇಳುಗರಿಗೆಲ್ಲ ನಮಸ್ಕಾರ. ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈಗಲೇ ರೇಡಿಯೊ ಹತ್ತಿರ ಕರೆಯಿರಿ.

ಕೆಲಸ ಸಿಗದ ಯುವಜನರಿಗೆ ರಾಜ್ಯ ಸರ್ಕಾರ ಹಣ ಕೊಡುವ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಕೆಲಸ ಸಿಗುವ ತನಕ, ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ಅಥವಾ ಆಮೇಲೆ ಪಾಸಾಗಿರಬೇಕು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಮುಂದೆ ಓದುತ್ತಿರುವವರಿಗೆ, ಸ್ಟೈಪೆಂಡ್ ಪಡೆಯುವ ಅಪ್ರೆಂಟಿಸ್‌ಗಳಿಗೆ ಇದು ಇಲ್ಲ. ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನೀವೇ ಹಾಕಬಹುದು, ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಹೋಗಿಯೂ ಹಾಕಿಸಬಹುದು. ಇಷ್ಟು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಹಣ ಬರುವುದು ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಪಡೆಯಲು ಆಧಾರ್‌ಗೆ ಜೋಡಿಸಿದ ಖಾತೆಗೆ ಮಾತ್ರ.

ಬೈಂದೂರು ಕಡೆಯ ಒಬ್ಬಳು ಬಿ.ಕಾಂ. ಹುಡುಗಿ. ಅರ್ಜಿ ಮಂಜೂರಾಗಿತ್ತು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದರೆ ಒಂದು ರೂಪಾಯಿಯೂ ಇಲ್ಲ. ಅಪ್ಪ ಬೋಟಿನ ಕೆಲಸಕ್ಕೆ ರಜೆ ಹಾಕಿ ಮಗಳೊಟ್ಟಿಗೆ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಲ್ಲ’ ಅಂದರು. ಅದು ಸುಳ್ಳಲ್ಲ, ಆದರೆ ಅದು ಬರೀ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ದಾಖಲೆ. ಸರ್ಕಾರದ ಹಣಕ್ಕೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ಎದುರು ನಿಮ್ಮ ಬ್ಯಾಂಕಿನ ಹೆಸರಿರಬೇಕು. ಅಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು. ಕೊನೆಯ ಸಲ ಎಲ್ಲಿ ಒಪ್ಪಿಗೆ ಕೊಟ್ಟಿರುತ್ತೀರೋ ಅದೇ. ಈ ಹುಡುಗಿ ಹೊಸ ಸಿಮ್ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಳು, ಅಲ್ಲೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ತೆರೆದಿತ್ತು. ಹಣವೆಲ್ಲ ಹೋಗಿ ಕೂತಿದ್ದು ಅದರಲ್ಲಿ!

ಹಾಗಾಗಿ ‘ಲಿಂಕ್ ಆಗಿದೆ’ ಅಂದರೆಂದು ದಯವಿಟ್ಟು ಮನೆಗೆ ಬರಬೇಡಿ. ಮೈ ಆಧಾರ್ ಜಾಲತಾಣ ತೆರೆಯಿರಿ, ಆಧಾರ್ ನಂಬರ್ ಮತ್ತು ಓಟಿಪಿ ಹಾಕಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು, ಅದರ ಜೊತೆಗೆ ‘ಆಕ್ಟಿವ್’ ಎಂದು ಕಾಣಬೇಕು. ಬೇರೆ ಬ್ಯಾಂಕು ಕಂಡರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ, ಡಿಬಿಟಿಗಾಗಿ, ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕಾಗಿ, ಆಧಾರ್ ಸೀಡಿಂಗ್ ಮಾಡಿಕೊಡಿ ಎಂದು ಒಪ್ಪಿಗೆ ಫಾರ್ಮ್ ತುಂಬಿ ಕೊಡಿ. ಕೆಲವು ದಿನ ಬಿಟ್ಟು ಮತ್ತೆ ನೋಡಿ. ಓಟಿಪಿ ಬರುವುದಿಲ್ಲವೇ? ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಸರಿಮಾಡಿಸಿ.

ಸಮಯ ಮುಗಿಯುತ್ತಾ ಬಂತು, ಇನ್ನೆರಡು ಮಾತು. ಅರ್ಜಿ ಹಾಕಿದರೆ ಮುಗಿಯಲಿಲ್ಲ. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಸೇವಾ ಸಿಂಧುವಿನಲ್ಲಿ ಹೇಳಿದ ದಿನದೊಳಗೆ ಕೊಡುತ್ತಿರಬೇಕು, ತಪ್ಪಿದರೆ ಹಣ ನಿಲ್ಲುತ್ತದೆ. ಕೆಲಸ ಸಿಕ್ಕಿದರೆ ಅದನ್ನೂ ತಿಳಿಸಿ. ಮತ್ತೆ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ; ಅದಕ್ಕೆ ಶುಲ್ಕವಿಲ್ಲ. ಆದರೆ ಇವತ್ತು ರಾತ್ರಿ ಮೊದಲು ಆ ಸೀಡಿಂಗ್ ಸ್ಟೇಟಸ್ ನೋಡಿ ಮಕ್ಕಳೇ. ನಮಸ್ಕಾರ.