ಯುದ್ಧ ನೋಡದವರು ಬರೆದ ಯುದ್ಧ

ಎಲ್ಲರಿಗೂ ನಮಸ್ಕಾರ. ಪರದೆ ಮೇಲಿರುವ ಈ ಚಿತ್ರವನ್ನು ಒಂದು ನಿಮಿಷ ಸುಮ್ನೆ ನೋಡಿ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದ ಮರದ ಅಚ್ಚಿನ ಚಿತ್ರ ಇದು. ಜಪಾನಿನಲ್ಲಿ 1348ರಲ್ಲಿ ನಡೆದ ಶಿಜೋನವಾತೆ ಕಾಳಗ. ಸಮುರಾಯ್ ಕುಸುನೋಕಿ ಮಸತ್ಸುರ ಮತ್ತು ಅವನ ಕಡೆಯವರು ಬಿರುಗಾಳಿಗೆ ಎದುರು ನಡೆಯುವವರ ಹಾಗೆ ಮೈ ಬಾಗಿಸಿ, ಬಾಣದ ಮಳೆಯೊಳಗೆ ನುಗ್ಗುತ್ತಿದ್ದಾರೆ. ಇದೇ ಅವರ ಕೊನೆಯ ಹೋರಾಟ.

ಇದನ್ನು ಬರೆದವರು ಉತಗಾವ ಕುನಿಯೋಶಿ, ಸುಮಾರು 1851ರಲ್ಲಿ. ಊರು ಎದೋ, ಅಂದರೆ ಇವತ್ತಿನ ಟೋಕಿಯೋ. ರೇಷ್ಮೆಗೆ ಬಣ್ಣ ಹಾಕುವವರ ಮನೆಯ ಮಗ. ಯುದ್ಧವನ್ನು ಅವರು ಕಂಡವರಲ್ಲ. ತೊಕುಗಾವ ಮನೆತನದ ಶೋಗನ್‌ಗಳ, ಅಂದರೆ ಸೇನಾಧಿಪತಿಗಳ, ಆಳ್ವಿಕೆಯಲ್ಲಿ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ದೇಶದೊಳಗೆ ದೊಡ್ಡ ಯುದ್ಧ ನಡೆದಿರಲಿಲ್ಲ.

ಈಗ ಆ ಬಾಣಗಳ ಹತ್ತಿರ ಬನ್ನಿ. ಕೂದಲೆಳೆಯಂಥ ಗೆರೆಗಳು, ಅಲ್ವಾ? ಇವನ್ನು ಕೊರೆದದ್ದಲ್ಲ, ಉಳಿಸಿದ್ದು. ಕಲಾವಿದರ ರೇಖಾಚಿತ್ರವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸುತ್ತಿದ್ದರು. ಕೆತ್ತುವವರು ಗೆರೆಯ ಎರಡೂ ಬದಿಯ ಮರ ತೆಗೆದು, ಗೆರೆಯನ್ನು ಬದುವಿನಂತೆ ಎತ್ತರಕ್ಕೆ ನಿಲ್ಲಿಸಬೇಕು. ಒಂದು ಕಡೆ ಕೈ ಜಾರಿದರೆ ಬಾಣ ಮುರಿಯಿತು. ಕೆತ್ತುತ್ತಾ ಹೋದಂತೆ ಮೂಲ ಚಿತ್ರವೂ ಚೂರಾಗಿ ಹೋಗುತ್ತಿತ್ತು. ಆಮೇಲೆ ಬಣ್ಣಬಣ್ಣಕ್ಕೆ ಬೇರೆ ಹಲಗೆ, ಅಚ್ಚು ಹಾಕಲು ಬೇರೆಯೇ ಕೈ. ಕುನಿಯೋಶಿ ಹೆಸರು ಜಗತ್ತಿಗೇ ಗೊತ್ತು. ಈ ಬಾಣಗಳನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಮಾತ್ರ ಆ ಕೆತ್ತಿದ ಕೈಗಳು.

ಇಷ್ಟು ಹಳೆಯ ಕಾಳಗವನ್ನೇ ಯಾಕೆ ಆರಿಸಿಕೊಂಡರು? ಹತ್ತಿರದ ಇತಿಹಾಸ ಮುಟ್ಟಿದರೆ ಅಪಾಯವಿತ್ತು. 1573ರ ನಂತರದ ಯೋಧರನ್ನು ಹೆಸರು ಹಾಕಿ ಚಿತ್ರಿಸುವಂತಿರಲಿಲ್ಲ. 1804ರಲ್ಲಿ, ಹದಿನಾರನೇ ಶತಮಾನದಲ್ಲಿ ಜಪಾನನ್ನು ಆಳಿದ ಯೋಧ ಹಿದೆಯೋಶಿಯ ಚಿತ್ರ ಅಚ್ಚಾಯಿತೆಂದು ಉತಮಾರೋ ಅವರಂಥ ದೊಡ್ಡ ಕಲಾವಿದರಿಗೆ 50 ದಿನ ಕೈಕೋಳ ಹಾಕಿದ್ದರು. ಹಾಗಾಗಿ ಕುನಿಯೋಶಿ ತಮ್ಮ ಒಂದು ಸರಣಿಯಲ್ಲಿ ಹಿದೆಯೋಶಿಯನ್ನು 'ಹಿಸಯೋಶಿ' ಮಾಡಿದರು. ಒಂದೇ ಅಕ್ಷರದ ಮರೆ. ಕೊಳ್ಳುವ ಜನರಿಗೆ ಅದು ಯಾರೆಂದು ತಕ್ಷಣ ಗೊತ್ತಾಗುತ್ತಿತ್ತು.

ಆಮೇಲೆ ಯುದ್ಧ ಊರೊಳಗೇ ಬಂತು. 1868ರಲ್ಲಿ ಎದೋದ ಉಯೆನೋ ಗುಡ್ಡದ ಮೇಲೆ ಶೋಗನ್ ಪಕ್ಷದ ಶೋಗಿತಾಯ್ ದಳವನ್ನು ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಸರ್ಕಾರದ ಸೇನೆ ಫಿರಂಗಿಯಿಂದ ಹೊಡೆದು ಹಾಕಿತು. ಆಗ ಕುನಿಯೋಶಿ ಬದುಕಿರಲಿಲ್ಲ. ಅವರ ಶಿಷ್ಯ ಯೋಶಿತೋಶಿಗೆ ಇನ್ನೂ ಮೂವತ್ತಾಗಿರಲಿಲ್ಲ. ಅದೇ ವರ್ಷ ಅವರು ಯೋಧರ ಹೊಸ ಸರಣಿ ಶುರುಮಾಡಿದರು.

ಇದು ಅದರ ಒಂದು ಹಾಳೆ. ಇಲ್ಲಿ ಬಾಣದ ಮಳೆ ಇಲ್ಲ, ಗುಂಪಿಲ್ಲ. ಒಬ್ಬನೇ ಮನುಷ್ಯ, ತೀರಾ ಹತ್ತಿರದಲ್ಲಿ, ಮೈಯೆಲ್ಲ ರಕ್ತ. ಮೂಲೆಯಲ್ಲಿ ಬರೆದಿರುವ ಹೆಸರು ಹಳೇ ಕಾಲದ ಯೋಧನದು. ಮುಖ ಮಾತ್ರ ಉಯೆನೋದಲ್ಲಿ ಸತ್ತ ಹುಡುಗರದು.