ಗ್ಯಾಸ್ಟ್ರಿಕ್ ಅಂದ ಚಿಕ್ಕಪ್ಪ

ಕೇಳುಗರಿಗೆಲ್ಲ ನಮಸ್ಕಾರ.

ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು. ಈ ಗಾದೆ ನೀವೂ ಕೇಳಿರುತ್ತೀರಿ. ಹೆಂಗಸರ ನಗುವಿಗೆ ಅದು ಮಾಡಿದ ಅನ್ಯಾಯ ಹೇಳುವುದಕ್ಕೆ ಬೇರೊಂದು ದಿನವೇ ಬೇಕು. ಇವತ್ತು ಗಾದೆಯ ಉಳಿದ ಅರ್ಧವನ್ನು ಹಿಡಿದುಕೊಂಡು ಬಂದಿದ್ದೇನೆ.

ನನ್ನ ಚಿಕ್ಕಪ್ಪ ತುಮಕೂರು ಜಿಲ್ಲೆಯ ರೈತ. ಕೆಲವು ವರ್ಷದ ಹಿಂದೆ ಅವರ ತೋಟದ ಬೋರ್‌ವೆಲ್ ಬತ್ತಿತು. ಇನ್ನೊಂದು ಕೊರೆಸಿದರು. 800 ಅಡಿ ಹೋದರೂ ಬಂದದ್ದು ಬರೀ ಧೂಳು. ಮತ್ತೊಂದು ಕೊರೆಸಿದರು, ಅದೂ ಫೇಲ್. ಸೊಸೈಟಿ ಸಾಲ ಇತ್ತು, ಅದರ ಮೇಲೆ ಕೈಸಾಲ ಬೇರೆ. ಆಮೇಲೆ ಅವರಿಗೆ ಎದೆ ಉರಿ ಶುರುವಾಯಿತು. ಏನಾಯ್ತು ಚಿಕ್ಕಪ್ಪ ಅಂದರೆ, 'ಗ್ಯಾಸ್ಟ್ರಿಕ್ ಕಣೋ' ಅನ್ನುತ್ತಿದ್ದರು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದರು, ಜೀರಿಗೆ ಕಷಾಯ ಕುಡಿದರು. ಎದೆ ಹಿಡಿದ ಹಾಗಾಯಿತು ಅಂತ ಎರಡು ಸಲ ಇಸಿಜಿ ಆಯಿತು. ಎರಡೂ ಸಲ ನಾರ್ಮಲ್. ರಾತ್ರಿ ಮೂರು ಗಂಟೆಗೆ ಎದ್ದು ಜಗಲಿಯ ಮೇಲೆ ಕೂತಿರುತ್ತಿದ್ದರು. ಕೇಳಿದರೆ 'ಸೆಕೆ' ಅನ್ನುವರು. ಡಿಸೆಂಬರ್ ತಿಂಗಳಲ್ಲಿ!

ಮೂರನೇ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. 'ಯಜಮಾನ್ರೇ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?' ಅಂದರು. ಅಷ್ಟೇ. ಚಿಕ್ಕಪ್ಪ ಕೂತಲ್ಲೇ ಅತ್ತರಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತಿದ್ದು ನೋಡಿದ್ದು ಅದೇ ಮೊದಲು ಅಂತ ಚಿಕ್ಕಮ್ಮ ಹೇಳಿದರು.

ಎದೆ ನೋವು ಬಂದವರೆಲ್ಲ ಮನಸ್ಸಿನ ಕಾಯಿಲೆ ಅಂದುಕೊಂಡು ಸುಮ್ನಿರಿ ಅಂತ ನಾನು ಹೇಳುತ್ತಿಲ್ಲ. ಮೊದಲು ಹೃದಯ ತೋರಿಸಲೇಬೇಕು. ಆದರೆ ಗಂಡಸಿನ ಸಂಕಟ ನಮ್ಮಲ್ಲಿ ವೇಷ ಹಾಕಿಕೊಂಡೇ ಓಡಾಡುತ್ತದೆ. ಒಬ್ಬರಲ್ಲಿ ತಲೆನೋವು, ಇನ್ನೊಬ್ಬರಲ್ಲಿ ಸೊಂಟನೋವು. ಕೆಲವರಲ್ಲಿ ಸಿಟ್ಟು. ಸಾರಿಗೆ ಉಪ್ಪು ಕಡಿಮೆ ಆಯಿತು ಅಂತ ತಟ್ಟೆ ಎಸೆಯುವವನ ಕಷ್ಟ ಉಪ್ಪಿನದಲ್ಲ. ಹಾಗಂತ ಎಸೆದದ್ದು ಸರಿ ಅಂತಲೂ ಅಲ್ಲ, ಅದನ್ನು ಆಯುವವರು ಮನೆಯ ಹೆಂಗಸರೇ ಅಲ್ವಾ? ಇನ್ನು ಕುಡಿತ. ಕುಡಿದಾಗ ಮಾತ್ರ ಗಂಡಸು ಅಳಬಹುದು, ಅದಕ್ಕೆ ಊರಿನ ಒಪ್ಪಿಗೆ ಇದೆ. ಬೆಳಗ್ಗೆ ಎದ್ದ ಮೇಲೆ 'ಎಣ್ಣೆ ಜಾಸ್ತಿ ಆಗಿತ್ತು' ಅಂತ ಎಲ್ಲರೂ ನಕ್ಕು ಬಿಟ್ಟುಬಿಡುತ್ತೇವೆ. ಅವನು ಅಳುತ್ತಾ ಏನು ಹೇಳಿದ ಅಂತ ಯಾರೂ ನೆನಪು ಮಾಡಿಕೊಳ್ಳುವುದಿಲ್ಲ.

ಒಂದು ಲೆಕ್ಕ ಹೇಳಲೇಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ನೂರಕ್ಕೆ ಸುಮಾರು 72 ಮಂದಿ ಗಂಡಸರು. ಒಟ್ಟು ಸತ್ತವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ದಿನಗೂಲಿ ಮಾಡುವವರು. ಇವರಲ್ಲಿ ಎಷ್ಟು ಜನ ಹಿಂದಿನ ದಿನ 'ಏನಿಲ್ಲ, ಆರಾಮಾಗಿದ್ದೀನಿ' ಅಂದಿದ್ದರೋ.

ಹುಡುಗರಿಗೆ ಇದನ್ನು ಕಲಿಸುವವರು ನಾವೇ. ಮೂರು ವರ್ಷದ ಮಗು ಬಿದ್ದು ಮಂಡಿ ತರಚಿಕೊಂಡರೆ, 'ಥೂ, ಹುಡುಗಿ ಥರ ಅಳ್ತೀಯಲ್ಲೋ' ಅನ್ನುತ್ತೇವೆ. ಅದೇ ಹುಡುಗ ಪಿಯುಸಿ ರಿಸಲ್ಟ್ ದಿನ ಬಾಗಿಲು ಹಾಕಿಕೊಂಡಾಗ 'ಏನಾಯ್ತು ಹೇಳೋ' ಅಂತ ಬಾಗಿಲು ಬಡಿಯುತ್ತೇವೆ. ಹದಿನೈದು ವರ್ಷ ಹೇಳಬೇಡ ಅಂತ ಕಲಿಸಿ ಒಂದು ಮಧ್ಯಾಹ್ನದಲ್ಲಿ ಹೇಳು ಅಂದರೆ ಅವನು ಎಲ್ಲಿಂದ ತರಬೇಕು ಮಾತು?

ನಾನು ಗಮನಿಸಿದ್ದು ಒಂದಿದೆ. ಗಂಡಸರು ಎದುರುಬದುರು ಕೂತು ಮಾತಾಡುವುದು ಕಡಿಮೆ. 'ಬಾ, ಕೂತ್ಕೋ, ನಿನ್ನ ಮನಸ್ಸಲ್ಲಿರೋದು ಹೇಳು' ಅಂದರೆ ಎದ್ದೇ ಹೋಗುತ್ತಾರೆ. ಅದೇ ಬೈಕಿನ ಹಿಂದೆ ಕೂತಾಗ, ಮೋಟರ್ ಶೆಡ್‌ನಲ್ಲಿ ಕರೆಂಟಿಗೆ ಕಾಯುವಾಗ, ಬೈಟು ಕಾಫಿ ಹಿಡಿದು ರಸ್ತೆ ನೋಡುತ್ತಾ ನಿಂತಾಗ ಮಾತು ತಾನಾಗಿ ಬರುತ್ತದೆ. ಮುಖ ನೋಡಬೇಕಾಗಿಲ್ಲವಲ್ಲ. ಮಗನ ಜೊತೆ ಮಾತಾಡಬೇಕು ಅನ್ನುವ ಅಪ್ಪಂದಿರು ಒಂದು ಸಂಜೆ ಸುಮ್ನೆ ಪೆಟ್ರೋಲ್ ಹಾಕಿಸುವುದಕ್ಕೆ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ನಿಮ್ಮದೇ ಒಂದು ಸೋಲು ಹೇಳಿ. ಬುದ್ಧಿಮಾತು ಬೇಡ. 'ಎಲ್ಲಾ ಸರಿಹೋಗುತ್ತೆ ಬಿಡು' ಕೂಡ ಬೇಡ, ಅದು ಬಾಯಿ ಮುಚ್ಚಿಸುವ ಮಾತು. 'ಚೆನ್ನಾಗಿದ್ದೀನಿ' ಅಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕೇಳಿ. ಎರಡನೇ ಸಲದ ಉತ್ತರ ಬಹಳ ಸಲ ಬೇರೆ ಇರುತ್ತದೆ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ, ಸಾಯಬೇಕು ಅನ್ನಿಸುತ್ತಾ ಅಂತ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೇಸ್ ಆಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಸಾಯಲು ಹೊರಟವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡುತ್ತದೆ.

ನಾವು ಬೆಂಗಳೂರು ಕಡೆಯವರು ತಮಾಷೆಗೆ 'ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ಧಾರವಾಡಕ್ಕೆ ಕಳಿಸುತ್ತಾರೆ. ಇಡೀ ದೇಶದಿಂದ ಜನ ಚಿಕಿತ್ಸೆಗೆ ಹುಡುಕಿಕೊಂಡು ಬರುವ ಆಸ್ಪತ್ರೆ ನಮ್ಮ ಬಾಯಲ್ಲಿ ಬೈಗುಳ ಆಗಿದೆ. ಚಿಕ್ಕಪ್ಪ ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಅಂದದ್ದು ಸುಮ್ನೆ ಅಲ್ಲ.

ಅವರು ಕೆಲವು ತಿಂಗಳು ಮಾತ್ರೆ ತೆಗೆದುಕೊಂಡರು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಹೋಗಿ ಮಾತಾಡಿ ಬಂದರು. ಬೋರಿನಲ್ಲಿ ಇವತ್ತಿಗೂ ನೀರಿಲ್ಲ, ಸಾಲ ಪೂರ್ತಿ ತೀರಿಲ್ಲ. ನಿದ್ದೆ ಮಾತ್ರ ಬರುತ್ತದೆ. ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪ ಪಕ್ಕದ ತೋಟದವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದರು. ಅದೂ ಮಂಗಳವಾರವೇ. ಎಲ್ಲಿಗೆ ಅಂತ ನಾನು ಕೇಳಿದೆ. ಹಿಂದೆ ಕೂತವರು ಗಡಿಬಿಡಿಯಲ್ಲಿ, 'ಏನಿಲ್ಲಪ್ಪ, ಸ್ವಲ್ಪ ಗ್ಯಾಸ್ಟ್ರಿಕ್' ಅಂದರು. ಚಿಕ್ಕಪ್ಪ ನನ್ನ ಮುಖ ನೋಡಿ, ಏನೂ ಹೇಳದೆ ಕಿಕ್ ಹೊಡೆದರು.

ನಮಸ್ಕಾರ.