ಪೆಟ್ರೋಲ್ ಬಂಕಿನಲ್ಲಿ ಎರಡು ಸಲ ಹುಟ್ಟಿದ ಹಾಡು

ಎಲ್ಲರಿಗೂ ನಮಸ್ಕಾರ. ಹಿಂದಿನ ಸಭೆಯಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಎಂದು ನಾವು ಕಚ್ಚಾಡಿಕೊಂಡು, ಕಾಫಿ ಆರಿಹೋಗುವ ತನಕ ಕೂಗಾಡಿ, ಯಾರೂ ಯಾರನ್ನೂ ಒಪ್ಪಿಸಲಾಗದೆ ಮನೆಗೆ ಹೋದೆವು. ಆ ಜಗಳದ ಬಾಕಿ ನನ್ನ ಹೆಸರಿನಲ್ಲಿ ಉಳಿದಿದೆ. ಅದನ್ನು ತೀರಿಸಲೆಂದೇ ಇವತ್ತಿನ ಚಿತ್ರವನ್ನು ಆರಿಸಿದ್ದೇನೆ: 1930ರ ‘ಡೀ ಡ್ರೈ ಫೊನ್ ಡೆರ್ ಟಾಂಕ್‌ಷ್ಟೆಲ್ಲೆ’. ಈ ಹೆಸರು ಹೇಳುವಾಗ ನನ್ನ ಕಟ್ಟಿಸಿದ ಹಲ್ಲು ಅಲ್ಲಾಡುತ್ತದೆ. ಆದ್ದರಿಂದ ಇನ್ನು ಮುಂದೆ ‘ಬಂಕಿನ ಮೂವರು’ ಎನ್ನುತ್ತೇನೆ.

ಬರ್ಲಿನ್ನಿನ ಉಫಾ ಕಂಪನಿಯ ಚಿತ್ರ, ನಿರ್ದೇಶಕ ವಿಲ್ಹೆಲ್ಮ್ ಥೀಲೆ. ಮೂವರು ಗೆಳೆಯರು ಪ್ರವಾಸ ಮುಗಿಸಿ ಹಾಡುತ್ತ ಮನೆಗೆ ಬರುತ್ತಾರೆ. ಬಂದು ನೋಡಿದರೆ ದಿವಾಳಿ. ಕೋರ್ಟಿನ ಅಮೀನ ಮನೆಯ ಸಾಮಾನಿಗೆಲ್ಲ ಜಪ್ತಿ ಚೀಟಿ ಅಂಟಿಸಿದ್ದಾನೆ. ಅವರು ಅಳುವುದಿಲ್ಲ. ‘ನಮ್ಮಪ್ಪ, ಒಳ್ಳೆಯ ಅಮೀನಪ್ಪ’ ಎಂಬ ಧಾಟಿಯಲ್ಲಿ ಅವನಿಗೇ ಹಾಡು ಹೇಳುತ್ತಾರೆ!

ಇಲ್ಲಿ ಒಂದು ನಿಮಿಷ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಒಂದು ಮನೆಗೆ ಹೀಗೇ ಅಮೀನ ಬಂದಿದ್ದ. ಜಪ್ತಿ ಪಟ್ಟಿಯಲ್ಲಿ ತಾಮ್ರದ ಹಂಡೆಯೂ ಇತ್ತು. ಹಂಡೆಯೋ ಒಲೆಯ ಮೇಲಿದೆ, ನೀರು ಕುದಿಯುತ್ತಿದೆ. ಆ ಮನೆಯ ಅಜ್ಜಿ ಹೊರಗೆ ಬಂದು, ‘ಹಂಡೆ ನಿಮ್ಮದಪ್ಪಾ, ಬೇಡ ಎನ್ನುವುದಿಲ್ಲ. ಆದರೆ ನೀರು ನಮ್ಮದು, ಮಕ್ಕಳ ಸ್ನಾನ ಆಗಲಿ’ ಎಂದರು. ಅಮೀನ ಜಗಲಿಯ ಮೇಲೆ ಕುಳಿತ. ಮನೆಯಲ್ಲಿದ್ದದ್ದು ಐದು ಮಕ್ಕಳು. ಅಂದು ಬೀದಿಯ ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಅಲ್ಲಿ ಸ್ನಾನ ಮಾಡಿದರು. ನಾನೂ ಮಾಡಿದೆ, ಬೆಳಿಗ್ಗೆ ಒಮ್ಮೆ ಆಗಿದ್ದರೂ. ಮಧ್ಯಾಹ್ನದ ಹೊತ್ತಿಗೆ ಅಮೀನನೇ ನಕ್ಕು, ಒಂದು ಲೋಟ ಮಜ್ಜಿಗೆ ಕುಡಿದ. ಹಂಡೆಯನ್ನು ಬಿಡಲಿಲ್ಲ, ತೆಗೆದುಕೊಂಡೇ ಹೋದ. ಈ ಚಿತ್ರದ ಹಾಸ್ಯ ಆ ಜಾತಿಯದು. ಹಂಡೆ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಅಷ್ಟರಲ್ಲಿ ಎಷ್ಟು ಸ್ನಾನವಾಯಿತು ಎಂಬುದಷ್ಟೇ ಲೆಕ್ಕ.

ಜರ್ಮನ್ನರು ಆ ಜಪ್ತಿ ಚೀಟಿಗೆ ‘ಕುಕ್ಕೂಕ್’, ಅಂದರೆ ಕೋಗಿಲೆ ಎನ್ನುತ್ತಾರೆ. ಚೀಟಿಯ ಮೇಲಿದ್ದದ್ದು ಸರ್ಕಾರದ ಹದ್ದಿನ ಮುದ್ರೆ. ಜನ ಗೇಲಿಗೆ ಅದನ್ನು ಕೋಗಿಲೆ ಮಾಡಿದರು. ಅದೇ ಪದ ‘ಹಾಳಾಗಿ ಹೋಗಲಿ’ ಎಂಬ ಬೈಗುಳಕ್ಕೂ ಬರುತ್ತದೆ. ಈ ಮೂವರು ಉಳಿದ ಒಂದೇ ಆಸ್ತಿಯಾದ ಕಾರನ್ನು ಮಾರಿ ಬಂಕ್ ತೆರೆದಾಗ ಅದಕ್ಕೆ ಆ ಕೋಗಿಲೆಯ ಹೆಸರನ್ನೇ ಇಡುತ್ತಾರೆ. ಈಗ ಹೇಳಿ, ಇದನ್ನು ಹೇಗೆ ಡಬ್ ಮಾಡುತ್ತೀರಿ? ತುಟಿಗೆ ಮಾತನ್ನು ಹೊಂದಿಸಬಹುದು. ಚೀಟಿಯೊಳಗಿನ ಹಕ್ಕಿಯನ್ನು ಎಲ್ಲಿಂದ ತರುತ್ತೀರಿ?

ಉಫಾದವರು ಡಬ್ ಮಾಡಲಿಲ್ಲ, ಇಡೀ ಚಿತ್ರವನ್ನೇ ಜರ್ಮನ್ನಿನಲ್ಲೊಮ್ಮೆ, ಫ್ರೆಂಚಿನಲ್ಲೊಮ್ಮೆ ತೆಗೆದರು. ಮೂಕಿ ಚಿತ್ರವಾಗಿದ್ದರೆ ನಡುವಿನ ಬರಹದ ಫಲಕಗಳನ್ನು ಬದಲಿಸಿ ಯಾವ ದೇಶಕ್ಕಾದರೂ ಮಾರಬಹುದಿತ್ತು. ಮಾತು ಬಂದ ಕೂಡಲೇ ಆ ವ್ಯಾಪಾರ ಕೆಟ್ಟಿತು. ಮಾತನ್ನೂ ಸಂಗೀತವನ್ನೂ ಬೇರ್ಪಡಿಸಿ ಮತ್ತೆ ಕೂಡಿಸುವ ತಂತ್ರ ಆಗಿನ್ನೂ ಕೈಗೆ ಸರಿಯಾಗಿ ಹತ್ತಿರಲಿಲ್ಲ. ಹಾಗಾಗಿ ಸೆಟ್ಟು ಅದೇ, ಬಂಕು ಅದೇ, ಬಾಯಿ ಮಾತ್ರ ಬೇರೆ. ಜರ್ಮನ್ ಚಿತ್ರದಲ್ಲಿ ವಿಲ್ಲಿ ಫ್ರಿಚ್, ಓಸ್ಕರ್ ಕಾರ್ಲ್‌ವೈಸ್, ಹೈಂಟ್ಸ್ ರ‍್ಯೂಮನ್. ‘ಸ್ವರ್ಗದ ದಾರಿ’ ಎಂಬ ಹೆಸರಿನ ಫ್ರೆಂಚ್ ಚಿತ್ರದಲ್ಲಿ ಆನ್ರಿ ಗಾರಾ, ರೆನೆ ಲೆಫೆವ್ರ್, ಜಾಕ್ ಮೋರಿ. ನಾಯಕಿ ಎರಡಕ್ಕೂ ಒಬ್ಬಳೇ, ಲಿಲಿಯನ್ ಹಾರ್ವೆ. ಹುಟ್ಟಿದ್ದು ಲಂಡನ್, ತಾಯಿ ಇಂಗ್ಲಿಷ್, ತಂದೆ ಜರ್ಮನ್, ಫ್ರೆಂಚೂ ಬರುತ್ತಿತ್ತು. ಅವಳ ಅವಸ್ಥೆ ಯೋಚಿಸಿ. ಅದೇ ಪಂಪಿನ ಪಕ್ಕ, ಅದೇ ಕಾರಿನಲ್ಲಿ ಕುಳಿತು, ಒಮ್ಮೆ ಫ್ರಿಚ್‌ನನ್ನೂ ಒಮ್ಮೆ ಗಾರಾನನ್ನೂ ಪ್ರೀತಿಸಬೇಕು. ನಮಗೆ ಒಂದು ಭಾಷೆಯಲ್ಲಿ ಒಬ್ಬರನ್ನು ಪ್ರೀತಿಸುವುದಕ್ಕೇ ವ್ಯಾಕರಣ ತಪ್ಪುತ್ತದೆ.

ಈಗ ಆ ಹಾಡು. ಸಂಗೀತ ವೆರ್ನರ್ ರಿಚರ್ಡ್ ಹೈಮನ್ ಅವರದು. ಜರ್ಮನ್ ಪಲ್ಲವಿ ‘ಐನ್ ಫ್ರಾಯ್ಂಡ್, ಐನ್ ಗೂಟರ್ ಫ್ರಾಯ್ಂಡ್’. ಗೆಳೆಯ, ಒಳ್ಳೆಯ ಗೆಳೆಯ, ಲೋಕದಲ್ಲಿ ಅವನಿಗಿಂತ ಮಿಗಿಲಿಲ್ಲ ಎನ್ನುತ್ತದೆ. ಬರೆದವರು ರಾಬರ್ಟ್ ಗಿಲ್ಬರ್ಟ್. ಜೇಬಿನಲ್ಲಿ ಬಿಡಿಗಾಸೂ ಇಲ್ಲದ ನಿರುದ್ಯೋಗಿಯ ಹಾಡನ್ನು ಸಂಗೀತ ಸಂಯೋಜಕ ಹಾನ್ಸ್ ಐಸ್ಲರ್‌ಗೆ ಬರೆದುಕೊಟ್ಟ ಕೈಯೂ ಅದೇ. ಫ್ರೆಂಚಿನಲ್ಲಿ ಹಾಡು ಬರೆದ ಜಾನ್ ಬೊಯೆ ಆ ಗೆಳೆಯನನ್ನು ‘ಕೊಪ್ಯಾಂ’ ಎಂದು ಕರೆದರು. ಆ ಪದದ ಬೇರಿನಲ್ಲಿ ರೊಟ್ಟಿ ಇದೆ. ರೊಟ್ಟಿ ಹಂಚಿಕೊಂಡು ತಿಂದವನೇ ಕೊಪ್ಯಾಂ. ನಮ್ಮಲ್ಲಿ ‘ಒಂದೇ ತಟ್ಟೆಯಲ್ಲಿ ಉಂಡವರು’ ಎನ್ನುತ್ತೇವಲ್ಲ, ಹಾಗೆ. ದಿವಾಳಿಯಾದ ಮೂವರ ಬಾಯಲ್ಲಿ ಆ ಪದ ಬಂದಾಗ ನನಗಂತೂ ಹಸಿವಿನ ಸದ್ದೇ ಕೇಳಿಸುತ್ತದೆ. ಜರ್ಮನ್ ಕೋಗಿಲೆ ಗಡಿ ದಾಟಲಾರದು ನಿಜ. ಆದರೆ ಗಡಿಯ ಆಚೆ ರೊಟ್ಟಿ ಸಿಕ್ಕಿತು. ಹೊಸ ಬಾಯಿ ಹಾಡಿದ್ದರಿಂದ ಸಿಕ್ಕಿದ್ದು ಅದು. ತುಟಿಗೆ ಮಾತು ಅಂಟಿಸಲು ಹೊರಟವನು ಅಕ್ಷರ ಎಣಿಸುತ್ತ ಕೂರುತ್ತಾನೆ, ಅವನಿಗೆ ರೊಟ್ಟಿ ಹುಡುಕಲು ಪುರುಸೊತ್ತೆಲ್ಲಿ?

ನಮ್ಮ ಪಂತುಲು ಅವರೂ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಕನ್ನಡದಲ್ಲೂ ತಮಿಳಿನಲ್ಲೂ ತೆಗೆದರು. ಅದರ ಬಗ್ಗೆ ಎರಡು ಪುಟ ಬರೆದು ತಂದಿದ್ದೆ. ಪ್ರೊಜೆಕ್ಟರ್ ಹತ್ತಿರ ನಿಂತ ಹುಡುಗ ಗಡಿಯಾರ ತೋರಿಸುತ್ತಿದ್ದಾನೆ. ಆ ಪುಟಗಳು ಜೇಬಿಗೆ.

ಒಂದನ್ನು ಮಾತ್ರ ಬಿಡಲಾರೆ. ಬರ್ಲಿನ್ನಿನ ಚಿತ್ರಮಂದಿರ ಗ್ಲೋರಿಯಾ ಪಲಾಸ್ಟ್‌ನಲ್ಲಿ ಈ ಚಿತ್ರ ತೆರೆಕಂಡದ್ದು 1930ರ ಸೆಪ್ಟೆಂಬರ್ 15ರಂದು. ಅದರ ಹಿಂದಿನ ದಿನ ಚುನಾವಣೆ. 12 ಸ್ಥಾನವಿದ್ದ ನಾಜಿಗಳು 107ಕ್ಕೆ ಏರಿದ್ದರು. ಬೆಳಗಿನ ಪತ್ರಿಕೆಯಲ್ಲಿ ಅದನ್ನು ಓದಿದವರೇ ಸಂಜೆ ಕುಳಿತು ಅಮೀನನ ಹಾಡಿಗೆ ನಕ್ಕಿರಬೇಕು. 1937ರಲ್ಲಿ ಚಿತ್ರವನ್ನೇ ನಿಷೇಧಿಸಿದರು. ಹೈಮನ್, ಗಿಲ್ಬರ್ಟ್, ಕಾರ್ಲ್‌ವೈಸ್ ದೇಶ ಬಿಟ್ಟರು. ಥೀಲೆ ಹಾಲಿವುಡ್ಡಿಗೆ ಹೋಗಿ, ಟಾರ್ಜನ್ ಕಾಡಿನಲ್ಲಿ ನಾಜಿಗಳನ್ನು ಬಡಿಯುವ ಚಿತ್ರ ತೆಗೆದರು, ಸುಳ್ಳಲ್ಲ. ಇದರಲ್ಲಿ ವಕೀಲನಾಗಿ ಬರುವ ದಪ್ಪ ದೇಹದ ಕುರ್ಟ್ ಗೆರೊನ್‌ರನ್ನು ನಗುವಾಗ ಗಮನಿಸಿ ನೋಡಿ. ಅವರನ್ನು 1944ರಲ್ಲಿ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್‌ನಲ್ಲಿ ಕೊಂದರು.

ಆಯಿತು, ಆಯಿತು, ಮುಗಿಸುತ್ತೇನೆ. ಚಿತ್ರದ ಕೊನೆಗೆ ನಾಯಕ ನಾಯಕಿ ಒಂದಾಗಿ ರಂಗಪರದೆಯ ಮುಂದೆ ಬರುತ್ತಾರೆ. ಕತೆ ಮುಗಿಯಿತು ಎಂದುಕೊಂಡು ನಮ್ಮತ್ತ ನೋಡಿದರೆ ಜನ ಇನ್ನೂ ಕುಳಿತೇ ಇದ್ದಾರೆ. ಇವರೇಕೆ ಎದ್ದು ಹೋಗಿಲ್ಲ ಎಂದು ಇಬ್ಬರಿಗೂ ಗಾಬರಿ. ನಮ್ಮ ಸಭಾಂಗಣದಲ್ಲಿ ಅಷ್ಟು ಹೊತ್ತಿಗೆ ಅರ್ಧ ಜನ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿರುತ್ತಾರೆ. ದಯವಿಟ್ಟು ಇವತ್ತೊಂದು ದಿನ ಕುಳಿತಿರಿ, ಅವರಿಬ್ಬರ ಮಾತು ಸುಳ್ಳಾಗಬಾರದು. ದೀಪ ಆರಿಸಪ್ಪಾ.